ಸೊನ್ನೆ ರೂಪಾಯಿ ಟಿಕೆಟ್

ಎರಡನೇ ಭಾನುವಾರ. ಯೂನಿಟ್ಟಿಗೆ ರಜೆ,
ಹಾಸ್ಟೆಲ್ಲಿನ ಗೀಸರಿಗೂ ರಜೆ.
ತಣ್ಣೀರು ಬೆನ್ನಿಗೆ ಬಿದ್ದು ನಾನು ಕಿರುಚಿದ್ದಕ್ಕೆ
ಪಕ್ಕದ ಬಚ್ಚಲಲ್ಲಿ ಮುಬೀನಾ ನಕ್ಕಳು,
ಮರುಗಳಿಗೆ ಅವಳೂ ಕಿರುಚಿದಳು.

ಇಬ್ಬರದೂ ಸೇರಿ ನೂರೆಂಬತ್ತು ರೂಪಾಯಿ,
ಒಂದು ಛತ್ರಿ, ಎರಡು ಆಧಾರ್ ಕಾರ್ಡು.
ಕಂಡಕ್ಟರು ಮುಖ ನೋಡದೆ ಹರಿದುಕೊಟ್ಟ
ಸೊನ್ನೆ ರೂಪಾಯಿ ಟಿಕೆಟ್ಟನ್ನು ಅವಳು ಎಸೆಯುವವಳಲ್ಲ.
ಮಡಿಸಿ ಪರ್ಸಿನ ಒಳಜೇಬಿಗೆ.
ಯಾತಕ್ಕೇ ಅದು, ಅಂದರೆ
“ಸರ್ಕಾರ ನನ್ನ ಕೈಗೆ ಕೊಟ್ಟಿರೋ ಕಾಗದ
ಇದೊಂದೇ ಕಣೇ, ಇರಲಿ ಬಿಡು.”

ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ.
ಒಳಗಿನವನು ಬಟ್ಟೆ ಸುಲಿದು ಎತ್ತುವಾಗ
ಮಿಕ್ಕವರು ಇಡ್ಲಿ ನೋಡುತ್ತಿದ್ದರು,
ನಾವು ಬಟ್ಟೆ ನೋಡಿದೆವು:
ಅಂಚು ಮಡಿಸಿಲ್ಲ, ದಾರ ಬಿಟ್ಟಿದೆ,
ನಮ್ಮ ಲೈನಿನಲ್ಲಾಗಿದ್ದರೆ ರಿಜೆಕ್ಟು.
ಆದರೂ ಇಡ್ಲಿಯ ಬೆನ್ನ ಮೇಲೆ
ಆ ನೇಯ್ಗೆ ಎಷ್ಟು ಸಣ್ಣಗೆ ಮೂಡಿತ್ತು,
ಬೆಣ್ಣೆ ಕರಗಿ ಅದರ ಎಳೆಎಳೆಯಲ್ಲಿ ಹರಿದು ಅಳಿಸುವ ತನಕ!
ಆಮೇಲೆ ಮಾತಿಲ್ಲ.
ಎರಡನೇ ಸಲ ಚಟ್ನಿ ಕೇಳಲು ಒಂದು ಮಾತು, ಅಷ್ಟೇ.

ಎಂ.ಜಿ. ರಸ್ತೆಯ ಸೀರೆ ಅಂಗಡಿಯಲ್ಲಿ
ಏಸಿ ಗಾಳಿ ಪುಕ್ಕಟೆ, ಕೂರಲು ಬಿಳೀ ಗಾದಿ.
“ಮದುವೆಗಾ ತಾಯಿ?”
“ಹೂಂ.”
“ಯಾರದ್ದು?”
“ಇವಳದ್ದು” ಅಂತ ಇಬ್ಬರೂ ಒಟ್ಟಿಗೇ
ಒಬ್ಬರನ್ನೊಬ್ಬರು ತೋರಿಸಿದೆವು.
ಆತ ಕೇಳಿಸದವನಂತೆ ಹರವುತ್ತಲೇ ಹೋದ:
ಮಾವಿನ ಚಿಗುರು, ಈರುಳ್ಳಿ ಸಿಪ್ಪೆ, ನವಿಲುಗತ್ತು.
ಹದಿನಾಲ್ಕು ಸೀರೆ. ಹದಿನೈದನೆಯದಕ್ಕೆ ಅವನು ಸೊಂಟ ಹಿಡಿದುಕೊಂಡಾಗ
ನಮಗೆ ನಾಚಿಕೆಯಾಯಿತು.
ಮುಬೀನಾ ಗಾದಿಯ ಮೇಲೆ ಮಂಡಿಯೂರಿದಳು,
ಅಂಚಿಗೆ ಅಂಚು, ಮೂಲೆಗೆ ಮೂಲೆ,
ನಾನು ಆ ತುದಿ, ಅವಳು ಈ ತುದಿ,
ಅವನ ಕಾಫಿ ಆರುವಷ್ಟರಲ್ಲಿ ಹದಿನಾಲ್ಕೂ ಕಪಾಟು ಸೇರಿದವು.
“ಯಾವ ಗಾರ್ಮೆಂಟ್ಸು?” ಎಂದ.
ಹೇಳಿದೆವು. ಇನ್ನೆರಡು ಕಾಫಿ ತರಿಸಿದ.

ಅಮಾನಿಕೆರೆಯಲ್ಲಿ ದೋಣಿಗೆ ದುಡ್ಡು,
ದೋಣಿ ನೋಡಲು ಇಲ್ಲ.
ಸುತ್ತಲೇ ಸುತ್ತುವ ಗಂಡಹೆಂಡಿರನ್ನು ದಡದಿಂದಲೇ ನಡೆಸಿದೆವು:
“ಎಡಕ್ಕೆ ತುಳೀರಿ! ಅಯ್ಯೋ, ಇಬ್ಬರೂ ತುಳೀಬೇಕು!”
ಜೋಕಾಲಿಯಲ್ಲಿ ಕೂತಾಗ ಕಾವಲಿನವನು ಸೀಟಿ ಊದಿದ,
ಅದು ಮಕ್ಕಳಿಗಂತೆ.
ಇಳಿದು, ಅವನು ಅತ್ತ ತಿರುಗಿದ ಮೇಲೆ
ಇನ್ನೊಂದು ಸಲ ಹತ್ತಿದೆವು.
ಮೆಣಸಿನಕಾಯಿ ಬಜ್ಜಿ ಒಂದೇ ಪ್ಲೇಟು. ನಾಲ್ಕು.
ಖಾರದ್ದು ಯಾವುದೆಂದು ಕಚ್ಚುವ ತನಕ ಗೊತ್ತಾಗದು.
ನನಗೇ ಬಂತು.

ಸಂಜೆ ವಾಪಸು ಬರುವಾಗ, ಅಂತರಸನಹಳ್ಳಿ ದಾಟಿದ್ದೇ
ಚೆಕಿಂಗ್ ಇನ್‌ಸ್ಪೆಕ್ಟರು ಹತ್ತಿದರು.
ನನ್ನ ಟಿಕೆಟ್ಟು ಇದೆ. ಅವಳದಿಲ್ಲ.
ಯಾವತ್ತೂ ಎಸೆಯದವಳ ಟಿಕೆಟ್ಟೇ ಇಲ್ಲ!
ಪರ್ಸು ಕೊಡವಿದಳು ನೋಡಿ:
ಒಂದೂವರೆ ವರ್ಷದ ಸೊನ್ನೆಗಳು
ಸೀಟಿಗೆ, ನೆಲಕ್ಕೆ, ಮುಂದಿನ ಅಜ್ಜಿಯ ಸೊಪ್ಪಿನ ಕುಕ್ಕೆಗೆ.
ಅಜ್ಜಿ ಒಂದೊಂದೇ ಆರಿಸಿ ಕೊಟ್ಟಳು.
ಹುಡುಗರು ತಾರೀಕು ಓದಿದರು.
“ಇದು ನಾವು ಗಾಜಿನ ಮನೆಗೆ ಹೋದದ್ದು,”
“ಇದು ಮಳೆ ಬಂದು ಹೊರಪೇಟೆಯಲ್ಲಿ ನಿಂತದ್ದು,”
ಮುಬೀನಾ ಹುಡುಕುವುದನ್ನೇ ಮರೆತಳು.

“ಇವತ್ತಿಂದು ತೋರ್ಸಮ್ಮಾ” ಎಂದರು ಇನ್‌ಸ್ಪೆಕ್ಟರು,
ತಾವೂ ಒಂದು ಚೀಟಿ ಬೆಳಕಿಗೆ ಹಿಡಿದು ಓದುತ್ತ.

ಕೊನೆಗೆ ಸಿಕ್ಕಿತು, ರೂಮಿನ ಸುಧಾಮಣಿಗೆಂದು ಕಟ್ಟಿಸಿಕೊಂಡ
ಇಡ್ಲಿಯ ಪೊಟ್ಟಣಕ್ಕೆ ಅಂಟಿಕೊಂಡು.
ಬೆಣ್ಣೆ ಕುಡಿದು ಕಾಗದ ತೆಳುವಾಗಿತ್ತು,
ಅದರಾಚೆ ಅವರ ಹೆಬ್ಬೆರಳು ಕಾಣುತ್ತಿತ್ತು.
ಮೂಸಿ ನೋಡಿದರು.
“ಕ್ಯಾತಸಂದ್ರ?”
“ಹೂಂ ಸಾರ್.”
ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು,
ಬೆರಳನ್ನು ಪ್ಯಾಂಟಿಗೆ ಒರೆಸದೆ.