ಅರ್ಧ ಮಾತ್ರೆ

ಬೆಳಗಿನ ಐದಕ್ಕೆ ಮೀನಿನ ಕಾರ್ಖಾನೆಯ ಬಸ್ಸು.
ಅದಕ್ಕೂ ಮೊದಲೇ ಬಂದಿರುತ್ತಾಳೆ ಡಾಕ್ಟರ್ ವರ್ಲೀನ್ ಸ್ಟೋಕ್ಸ್,
ಹೆಗಲಿಗೆ ಯಂತ್ರದ ಚೀಲ, ಕಂಕುಳಲ್ಲಿ ಮಡಚುವ ಕುರ್ಚಿ.
ರಕ್ತದೊತ್ತಡ ಅಳೆಯುವ ಮೊದಲು ಐದು ನಿಮಿಷ
ಸುಮ್ಮನೆ ಕೂತಿರಬೇಕು, ಪಾದ ನೆಲಕ್ಕೂರಿ,
ನಿಯಮ.
"ಐದು ನಿಮಿಷವಾ?" ನಗುತ್ತಾರೆ ಹೆಂಗಸರು,
"ಕೂತು ಯಾವ ಕಾಲವಾಯಿತು, ತಾಯಿ!"

ಮಿಸಿಸಿಪ್ಪಿಯ ಈ ಬಯಲಲ್ಲಿ ಒಂದು ಕಾಲಕ್ಕೆ ಹತ್ತಿ;
ಈಗ ಅದೇ ಹೊಲ ಅಗೆದ ಕೊಳಗಳಲ್ಲಿ ಮೀಸೆಯ ಮೀನು.
ಔಷಧದಂಗಡಿಗೆ ನಲವತ್ತು ಮೈಲಿ.
ಉಪ್ಪಿಗೆ ಅಷ್ಟು ದೂರವಿಲ್ಲ, ತಿರುವಿನ ಪೆಟ್ರೋಲ್ ಬಂಕಿನಲ್ಲೇ
ಡಬ್ಬಿಗಟ್ಟಲೆ, ಪೊಟ್ಟಣಗಟ್ಟಲೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಉಪ್ಪಲ್ಲದೆ ಬೇರೇನೂ ಇಡದ ಅಂಗಡಿ
ಏನು ಕುಡಿಯಬೇಕು?

ಓಥಾ ಮೇ ಪ್ರೂಯಿಟ್, ಐವತ್ತೊಂದು, ಕ್ರಮಸಂಖ್ಯೆ ೨೧೭.
ತೋಳಿಗೆ ದೊಡ್ಡ ಪಟ್ಟಿಯೇ ಬೇಕು
(ಚಿಕ್ಕದು ಬಿಗಿದು ವರ್ಷಗಟ್ಟಲೆ ತಪ್ಪು ಬರೆದಿದ್ದಾರೆ ಯಾರೋ).
ನೂರ ಅರವತ್ತೆಂಟು, ನೂರ ಎರಡು.
"ದಿನಾ ಮಾತ್ರೆ ತಗೊಳ್ತೀರಾ?"
ಫಾರಮ್ಮಿನಲ್ಲಿ ಎರಡೇ ಚೌಕ. ಹೌದು. ಇಲ್ಲ.
ಓಥಾ ಮೇ ಯೋಚಿಸಿದಳು.
"ಅರ್ಧ," ಅಂದಳು.

ಒಂದೇ ಚೀಟಿ, ಮೂವತ್ತು ಮಾತ್ರೆ, ಎರಡು ಎದೆ:
ಉಳಿದರ್ಧ ತಮ್ಮ ಲೂಶಿಯಸ್‌ಗೆ, ಅವನಿಗೆ ವಿಮೆಯಿಲ್ಲ.
"ಇಷ್ಟು ಸಣ್ಣದನ್ನ ಸಮಸಮ ಹೇಗೆ ಮಾಡ್ತೀರಿ?"
ಡಾಕ್ಟರ್ ಕೇಳಿದ್ದು ವಿಜ್ಞಾನಕ್ಕಲ್ಲ.
ಓಥಾ ಮೇ ಕೈ ಚಾಚಿದಳು, ಹತ್ತೊಂಬತ್ತು ವರ್ಷ
ನಿಮಿಷಕ್ಕಿಷ್ಟೆಂದು ಮೀನು ಸೀಳಿದ ಕೈ,
ತಣ್ಣೀರಿಗೆ ಗೆಣ್ಣು ಊದಿದ ಕೈ.
"ಒಂದು ಚೂರೂ ಪುಡಿಯಾಗಲ್ಲ. ತೋರಿಸ್ಲಾ?"

ಅಷ್ಟರಲ್ಲಿ ಬಸ್ಸು.

ರಾತ್ರಿ, ಜಾಕ್ಸನ್ನಿನ ಕೋಣೆ, ಆರಿದ ಕಾಫಿ.
ಅನುದಾನದ ಅರ್ಜಿಯಲ್ಲಿ 'ಸಮಾನತೆ'
ಮೂವತ್ತೊಂದು ಸಲ ಬರೆದವಳು ಅವಳೇ.
೨೧೭ರ ಸಾಲಿನಲ್ಲಿ ಕರ್ಸರ್ ಮಿಣುಕುತ್ತಿದೆ,
ಸೊನ್ನೆಯೋ ಒಂದೋ ಹೇಳು, ಹೇಳು ಎಂದು.
ಸೊನ್ನೆ ಬಿಂದು ಐದು ಒತ್ತಿದಳು. ಕಂಪ್ಯೂಟರ್ ಕೆಂಪಾಯಿತು.
ಮತ್ತೆ ಒತ್ತಿದಳು.
ಮತ್ತೆ ಕೆಂಪು.

ಕಾಗದದ ಫಾರಮ್ಮನ್ನೇ ಹುಡುಕಿ ತೆಗೆದು
ಎರಡು ಚೌಕಗಳ ನಡುವೆ, ಸೊಟ್ಟಗೆ,
ಪೆನ್ನಿನಲ್ಲಿ ಇನ್ನೊಂದು ಎಳೆದಳು.
ಅಂಚಿನಲ್ಲಿ ತನಗೇ ಒಂದು ಚೀಟಿ:
ನಾಳೆ ಎರಡು ಕುರ್ಚಿ.
ಲೂಶಿಯಸ್.