ಒಂಬತ್ತರ ಲೆಕ್ಕ

ಪೋರ್ಚುಗಲ್ಲಿನ ತೆಂಕಣ ಬಿಸಿಲಲ್ಲಿ ಓಕ್ ಮರದ ಮೈಮೇಲೆ
ಬಿಳಿ ಬಣ್ಣದಲ್ಲಿ ಒಂದೇ ಒಂದು ಅಂಕಿ ಬರೆದಿರುತ್ತಾರೆ,
ತೊಗಟೆ ಸುಲಿದ ವರ್ಷದ ಬಾಲ.
ಅಲ್ಲಿಂದ ಒಂಬತ್ತು ವರ್ಷ ಕೊಡಲಿ ಅತ್ತ ಸುಳಿಯುವಂತಿಲ್ಲ.

ನಮ್ಮ ಗೋಡೆಯ ಹಲಗೆಯ ಮೇಲೂ ಒಂದು ಅಂಕಿ:
ಬ್ಯಾಂಕಿನಲ್ಲಿರುವ ದುಡ್ಡು ಇನ್ನೆಷ್ಟು ದಿನಕ್ಕೆ ಎಂದು.
ಈ ಕತೆ ಶುರುವಾದಾಗ ಇನ್ನೂರ ಹನ್ನೆರಡು.
ಬೆಳಿಗ್ಗೆ ಮೊದಲು ಬಂದವರು ಒಂದು ಕಳೆದು ಬರೆಯಬೇಕು;
ಅದಕ್ಕೇ ಇರಬೇಕು, ಇಯೊಲಾಂಡ ಈಚೆಗೆ ತಡವಾಗಿ ಬರುತ್ತಾಳೆ.

ನಾವಿಬ್ಬರು ಮಾಡಿದ್ದು ಒಂದು ಮೂಗು.
ಚಪ್ಪಲಿ ಡಬ್ಬಿಯಷ್ಟು ಗಾತ್ರ, ಒಳಗೊಂದು ಪುಟ್ಟ ಫ್ಯಾನು.
ಬಿರಡೆ ಇಟ್ಟರೆ ಹನ್ನೊಂದು ಸೆಕೆಂಡಿನಲ್ಲಿ ಹೇಳುತ್ತದೆ
ಇದು ವೈನು ಕೆಡಿಸುವ ಜಾತಿಯೋ ಅಲ್ಲವೋ ಎಂದು.
ಬಿರಡೆ ಕಂಪನಿ ದಿನಕ್ಕೆ ಲಕ್ಷಗಟ್ಟಲೆ ಬಿರಡೆ ಕೊರೆಯುತ್ತದೆ.
ಅದರ ಕ್ಯಾಂಟೀನಿನೊಳಗೆ ನಮ್ಮ ಆಫೀಸು ಏಳು ಸಲ ಹಿಡಿಸುತ್ತದೆ.

ಹೊಸತನ ವಿಭಾಗದ ತೆಲ್ಮು, ಒಳ್ಳೆಯವನೇ,
ಮೊದಲ ದಿನ ನಮ್ಮ ಮೂಗಿಗೆ ತುಪ್ಪ ಸವರಿದ: "ಪೈಲಟ್ ಮಾಡೋಣ."
ಖರೀದಿ ವಿಭಾಗ ಫಾರಂ ಕಳಿಸಿತು:
ಹಿಂದಿನ ಮೂರು ವರ್ಷದ ಲೆಕ್ಕಪತ್ರ ಲಗತ್ತಿಸಿ.
ನಮಗೆ ವಯಸ್ಸು ಹದಿನಾಲ್ಕು ತಿಂಗಳು.
ಇಯೊಲಾಂಡ ಆ ಜಾಗದಲ್ಲಿ ಗೆರೆ ಎಳೆದಳು. ವಾಪಸು ಬಂತು.
ಸೊನ್ನೆ ಬರೆದಳು. ದಾಟಿತು.

ಕರಾರು ಅರವತ್ತನಾಲ್ಕು ಪುಟ, ನಾಲ್ಕು ಪ್ರತಿ.
ತಮಾಷೆಗೆ ಡಬ್ಬಿಯ ಜೊತೆ ತೂಗಿ ನೋಡಿದೆವು.
ನಿಜಕ್ಕೂ ಮೂಗಿಗಿಂತ ಮೂಗುತಿ ಭಾರ.

ಕೆಲಸಕ್ಕೆ ಕೂರಿಸಿದ್ದು ಗ್ರಾಸಿಯೆತಳ ಪಕ್ಕದಲ್ಲಿ.
ಮೂವತ್ತೊಂದು ವರ್ಷದಿಂದ ಬಿರಡೆ ಮೂಸುವುದೇ ಆಕೆಯ ಉದ್ಯೋಗ.
ಸೆಂಟು ಹಾಕಿದವಳಲ್ಲ, ಮಧ್ಯಾಹ್ನದವರೆಗೆ ಕಾಫಿ ಮುಟ್ಟುವವಳಲ್ಲ,
ಮಗಳ ಮದುವೆಯಲ್ಲೂ ಹೂವಿನಿಂದ ನಾಲ್ಕು ಮಾರು ದೂರ ನಿಂತವಳು.
ನಮ್ಮನ್ನು ಕಂಡು ಮೂಗು ಮುರಿಯುತ್ತಾಳೆ ಅಂದುಕೊಂಡಿದ್ದೆ.
ಬಗ್ಗಿ ಡಬ್ಬಿಯನ್ನೇ ಮೂಸಿದಳು.
"ಹೊಸ ಪ್ಲಾಸ್ಟಿಕ್ಕು. ಇದಕ್ಕೆ ಇದರ ವಾಸನೆಯೇ ಅಡ್ಡ ಬರ್ತಿದೆ."
ಎರಡು ತಿಂಗಳಿಂದ ನಾವು ಹುಡುಕುತ್ತಿದ್ದ ತಪ್ಪು.

ಆಮೇಲೆ ಯಂತ್ರ ನಾಲ್ಕು ಪಾಯಿಂಟ್ ಒಂದು ಎಂದರೆ
ಆಕೆ "ಒದ್ದೆ ಪೇಪರು" ಎನ್ನುವಳು.
ಆರು ಪಾಯಿಂಟ್ ಮೂರಕ್ಕೆ: "ಅತ್ತೆಯ ಕಪಾಟು, ಚಳಿಗಾಲದ್ದು."
ಬರೆದುಕೊಂಡೆ. ರಾತ್ರಿ ಕೂತು ಯಂತ್ರಕ್ಕೆ ಕಲಿಸಿದೆ.
ಈಗ ಪರದೆಯ ಮೇಲೆ ಅಂಕಿಯ ಪಕ್ಕದಲ್ಲಿ ಆಕೆಯ ಮಾತು.

ಕರಾರಿನ ಹನ್ನೊಂದನೆಯ ಕಲಮು:
ಕಾರ್ಖಾನೆಯೊಳಗೆ ಹುಟ್ಟಿದ್ದೆಲ್ಲ ಕಂಪನಿಯದು.
ಹನ್ನೆರಡನೆಯದು: ಯಂತ್ರದೊಳಗೆ ಇರುವುದೆಲ್ಲ ನಮ್ಮದು.
ಎರಡೂ ಕಡೆಯ ವಕೀಲರು ಮೂರು ವಾರದಿಂದ
ಅತ್ತೆಯ ಕಪಾಟಿನ ಸುತ್ತ ನಿಂತಿದ್ದಾರೆ.
ಗ್ರಾಸಿಯೆತಳನ್ನು ಯಾರೂ ಕೇಳಿಲ್ಲ.
ನಾನೂ ಕೇಳಿಲ್ಲ.

ಹಲಗೆಯ ಮೇಲೆ ನಲವತ್ತು.
ಫೋನಿನಲ್ಲಿ ತೆಲ್ಮು: "ಮೇಲಿನವರಿಗೆ ಹಿಡಿಸಿದೆ. ಸ್ವಲ್ಪ ತಾಳಿ.
ನಮ್ಮಲ್ಲಿ ಎಲ್ಲ ನಿಧಾನ, ಮರದ ಹಾಗೆ."

ನಿನ್ನೆ ಆಕೆಗೆ ನೆಗಡಿ.
ಬಿರಡೆಯೊಂದನ್ನು ತಾನೇ ಡಬ್ಬಿಯೊಳಗಿಟ್ಟು
"ನನಗೇನೂ ಹತ್ತುತ್ತಿಲ್ಲ, ನೋಡಿ ಹೇಳು" ಅಂದಳು.
ಹನ್ನೊಂದು ಸೆಕೆಂಡು. ಓದಿದೆ: ಅತ್ತೆಯ ಕಪಾಟು.
ನಕ್ಕಳು, ನಗುತ್ತಲೇ ಸೀನಿದಳು,
"ಇನ್ನೂ ಇದ್ದಾಳಾ ಮುದುಕಿ" ಎನ್ನುತ್ತ
ಬಿರಡೆಯನ್ನು ಬುಟ್ಟಿಗೆ ಎಸೆದು
ಮುಂದಿನದಕ್ಕೆ ಕೈ ಚಾಚಿದಳು.