ಹದಿನೇಳು ಕಡಿಮೆ

ಬ್ರ್ಯಾಂಡನ್ನಿನ ಹತ್ತನೇ ಬೀದಿಯಲ್ಲಿ
ಬಟ್ಟೆ ಒಗೆಯುವ ಅಂಗಡಿಯ ಮೇಲೊಂದು ಕೋಣೆ.
ಗುರುವಾರ ಸಂಜೆ ಅಲ್ಲಿ ಕೂತು
ಬಂದವರ ಅರ್ಜಿ ತುಂಬಿಕೊಡುತ್ತೇನೆ, ಪುಕ್ಕಟೆ.
ಕೆಳಗೆ ಯಂತ್ರ ತಿರುಗಿದಂತೆಲ್ಲ
ಮೇಜಿನ ಮೇಲಿನ ಪೆನ್ನು ತಾನೇ ನಡೆಯುತ್ತದೆ.

ಇಲುಮಿನಾದಾ ಬಂದಳು, ಮಗಳ ಕೈ ಹಿಡಿದು.
ಹಂದಿ ಕಾರ್ಖಾನೆಯ ಪಾಳಿ ಮುಗಿಸಿದ ಕೈ,
ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಶೀತ.
ಚೀಲ ಕೊಡವಿದಳು:
ಪಾಸ್‌ಪೋರ್ಟು, ವಿಮಾನದ ಚೀಟಿಯ ತುಂಡು,
ಹಲ್ಲಿನ ಡಾಕ್ಟರ ಬಿಲ್ಲು, ಶಾಲೆಯ ಹಾಜರಿ ಪಟ್ಟಿ,
ಮತ್ತೆ ಆ ಕಾರ್ಡು. ಕಾಯಂ ನಿವಾಸಿ ಎಂದು ಬರೆದದ್ದು,
ಬರುವ ತಿಂಗಳಿಗೆ ಅವಧಿ ತೀರುವುದು.

“ಕಾಯಂ ಅಂದಮೇಲೆ ತೀರೋದು ಹೇಗೆ?”
ಕೇಳಿದ್ದು ಮಗಳು ಜಾಯ್ಲಿನ್, ಒಂಬತ್ತು ವರ್ಷ.
ತೀರುವುದು ಕಾರ್ಡು ಮಾತ್ರ, ಅಂದೆ.
ಹೇಳದೆ ಬಿಟ್ಟದ್ದು ಇಷ್ಟು:
ನನ್ನ ನುಡಿಯಲ್ಲಿ ಕಾಯಂ ಅಂದರೆ
ಒಳಗಿಂದ ಕಾಯ ಕೇಳಿಸುತ್ತದೆ, ಕಾಯಿ ಅಂತಲೂ.
ಕಾಯಿದೆಗೆ ಬೇಕಾದದ್ದೂ ಅವೆರಡೇ.
ಐದು ವರ್ಷದಲ್ಲಿ ಏಳುನೂರ ಮೂವತ್ತು ದಿನ
ಕಾಯ ಇಲ್ಲಿರಬೇಕು.
ಮನಸ್ಸು ಎಲ್ಲಿ ಮಲಗಿತ್ತೆಂದು ಯಾರೂ ಕೇಳುವುದಿಲ್ಲ.

ಎಣಿಸತೊಡಗಿದೆವು.
ರಾತ್ರಿ ಹನ್ನೊಂದು ನಲವತ್ತಕ್ಕೆ ವಿನಿಪೆಗ್ಗಿನಲ್ಲಿ ಇಳಿದದ್ದು:
ಉಳಿದ ಇಪ್ಪತ್ತು ನಿಮಿಷವೂ ಒಂದು ಇಡೀ ದಿನ.
ಅಲ್ಲಿ ಕಾಯಿದೆಯ ಕೈ ಧಾರಾಳ.
ಇನ್ನೊಂದು ಕಡೆ ಬಿಗಿ.
ಪ್ರಜೆಯಾದ ತಾಯಿಯ ಜೊತೆ ಹೊರಗಿದ್ದ ಮಗುವಿಗೆ ಲೆಕ್ಕವುಂಟು,
ಪ್ರಜೆಯಾದ ಮಗುವಿನ ಜೊತೆ ಹೊರಗಿದ್ದ ತಾಯಿಗಿಲ್ಲ.
ಜಾಯ್ಲಿನ್ ಇಲ್ಲಿಯ ಆಸ್ಪತ್ರೆಯಲ್ಲೇ ಹುಟ್ಟಿದವಳು,
ಅವಳನ್ನು ಎಣಿಸುವವರೇ ಇಲ್ಲ.
ಗಂಡ ರೊಗೆಲಿಯೊ ರಾತ್ರಿ ಪಾಳಿ ಬಿಡದೆ ದುಡಿದ,
ಅವನ ಹತ್ತಿರ ದಿನಗಳು ಬೇಕಾದಷ್ಟಿವೆ,
ಹೆಂಡತಿಗೆ ಕಡ ಕೊಡಲು ಬರುವುದಿಲ್ಲ.

ಏಳುನೂರ ಹದಿಮೂರು.
ಮತ್ತೆ ಎಣಿಸಿದೆ.
ಮೂರನೇ ಸಲ ಜಾಯ್ಲಿನ್, ಬೆರಳು ಮಡಿಸುತ್ತ. ಅಷ್ಟೇ.

‘ಗೈರುಹಾಜರಿಗೆ ಕಾರಣ’:
ನಾಲ್ಕು ಬೆರಳಗಲ ಜಾಗ.
ಇಲೊಯ್ಲೊ. ಅಮ್ಮನಿಗೆ ಲಕ್ವಾ.
ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದು,
ಚಮಚದಲ್ಲಿ ಗಂಜಿ, ಗಲ್ಲ ಒರೆಸಿದ್ದು, ಬೆನ್ನಿಗೆ ಪುಡಿ,
ಸಾವಿರದ ನೂರ ಹದಿಮೂರು ದಿನ.
ನಮ್ಮ ಕಡೆ ಇದಕ್ಕೆ ಋಣ ಅನ್ನುತ್ತೇವೆ, ಎಂದೆ.
ಅವಳ ಕಡೆಯೂ ಒಂದು ಮಾತಿದೆಯಂತೆ,
‘ಒಳಗಿನ ಸಾಲ’ ಅಂತ.
ಬರೆಯಲೇ ಎಂದಳು. ಹಿಡಿಸಲಿಲ್ಲ, ಜಾಗಕ್ಕೆ.

“ಇವತ್ತು ಕಳಿಸಬೇಡ,” ಅಂದೆ. “ಕಾಯಿ.
ಕಾರ್ಡು ಸತ್ತರೂ ನೀನು ಇಲ್ಲಿಯವಳೇ,
ಗಡಿ ದಾಟದಿದ್ದರೆ ಸಾಕು.
ಈ ಐದು ವರ್ಷ ಅನ್ನೋದು ನಿಂತ ಗೋಡೆಯಲ್ಲ,
ಸರಿಯುವ ಕಿಟಕಿ.
ಬೆಳಗಾದರೆ ಈ ಕಡೆಯಿಂದ ಇಲ್ಲಿಯದೊಂದು ದಿನ ಒಳಗೆ ಬರುತ್ತೆ,
ಆ ತುದಿಯಿಂದ ಅಲ್ಲಿಯದೊಂದು ಉದುರಿ ಹೋಗುತ್ತೆ.
ಹದಿನೇಳು ಉದುರಿದರೆ ಗೆದ್ದೆ ನೀನು.”

ಗೆದ್ದೆ ಅಂದುಬಿಟ್ಟೆ.

ಕೆಳಗೆ ಯಾವುದೋ ಯಂತ್ರ ನೀರು ಚೆಲ್ಲಿ ನಿಂತಿತು.
ಅವಳು ಪಾಸ್‌ಪೋರ್ಟಿನ ಆ ಹಳೆಯ ಮೊಹರಿನ ಮೇಲೆ
ಹೆಬ್ಬೆರಳಿಟ್ಟು ಕೂತಿದ್ದಳು,
ಯಾರೋ ಕಿತ್ತುಕೊಳ್ಳಲು ಬಂದ ಹಾಗೆ.
“ಆ ಹದಿನೇಳು ದಿನ ಅಮ್ಮನಿಗೆ ಇನ್ನೂ ಮಾತಿತ್ತು.
ಲುಮಿಂಗ್, ಸಾರಿಗೆ ಉಪ್ಪು ಸಾಲದು ಅಂತಿದ್ದಳು,
ನಾಲಿಗೆ ತೊದಲಿದರೂ.
ಆಮೇಲೆ ಎರಡನೇ ಸಲ ಬಡಿಯಿತು.
ಆಮೇಲೆ ಬರೀ ಕಣ್ಣು.”

ಜಾಯ್ಲಿನ್ ಕ್ಯಾಲೆಂಡರಿನಲ್ಲಿ ಸೊನ್ನೆ ಸುತ್ತುತ್ತಿದ್ದಳು.
“ನಾಳೆ ಯಾವುದು ಬೀಳುತ್ತೆ?” ಕೇಳಿದಳು ಇಲುಮಿನಾದಾ.
ನೋಡಿ ಹೇಳಿದೆ: ಮಂಗಳವಾರ, ನೀನು ಮನೆ ಸೇರಿದ ದಿನ.

“ಹ್ಞೂಂ. ಹೊಸ್ತಿಲಲ್ಲಿ ಚೀಲ ಇಳಿಸೋ ಮೊದಲೇ ಕೇಳಿದ್ದಳು,
ಎಷ್ಟು ದಿನ ಇರ್ತೀಯ ಅಂತ.

ಎರಡು ವಾರ, ಅಂದಿದ್ದೆ.”